ಸ್ಕೋರ್‌ಶೀಟಿನ ಖಾಲಿ ಚೌಕಗಳು

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು,
ಮಾನ್ಯ ಪ್ರಾಂಶುಪಾಲರು ಮತ್ತು ಜಿಮಖಾನಾ ಸಮಿತಿಯವರು,
ಮುಂಬೈ ಉಪನಗರದಲ್ಲಿ ಕನ್ನಡಿಗರು ಕಟ್ಟಿ ನಡೆಸಿಕೊಂಡು ಬಂದಿರುವ ನಮ್ಮ ಕಾಲೇಜು.

ವಿಷಯ: ಬಾಸ್ಕೆಟ್‌ಬಾಲ್ ತಂಡದಲ್ಲಿ ಬೆಂಚು ಕಾಯುತ್ತಿರುವ ವಿದ್ಯಾರ್ಥಿಗಳಿಗೆ ಆಡುವ ಅವಕಾಶ ಕೋರಿ.

ಮಾನ್ಯರೇ,

ನಾನು ಈ ಕಾಲೇಜಿನ ಹಳೆಯ ವಿದ್ಯಾರ್ಥಿ. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ, ಕಳೆದ ಆರು ವರ್ಷಗಳಿಂದ, ನಮ್ಮ ತಂಡ ಆಡುವ ಪಂದ್ಯಗಳಲ್ಲಿ ಸಂಘಟಕರು ಒಪ್ಪಿದ ಕಡೆಯಲ್ಲೆಲ್ಲ ಸ್ಕೋರರ್ ಮೇಜಿನ ಹಿಂದೆ ಕುಳಿತು ಅಂಕ ಬರೆಯುವ ಕೆಲಸವನ್ನು ಸಂಬಳವಿಲ್ಲದೆ, ಸಂತೋಷದಿಂದ ಮಾಡುತ್ತಾ ಬಂದಿದ್ದೇನೆ. ಇಲ್ಲಿ ಹೇಳಲಿರುವ ವಿಷಯವನ್ನು ಎರಡು ಸಲ, ಕಾಲೇಜಿನ ಕ್ರೀಡೆಗಳನ್ನು ನೋಡಿಕೊಳ್ಳುವ ಜಿಮಖಾನಾ ಸಮಿತಿಗೆ ಬರೆದು ಕೊಟ್ಟಿದ್ದೆ. ಮೊದಲನೆಯದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬಂತು. ಎರಡನೆಯದಕ್ಕೆ ಆ ಒಂದು ಸಾಲೂ ಬರಲಿಲ್ಲ. ಹಾಗಾಗಿ ಬಹಿರಂಗವಾಗಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಓದಬೇಕಾದವರಿಗೆ ಇದು ಯಾರಿಗೆ ಬರೆದದ್ದೆಂದು ಗೊತ್ತಾಗುತ್ತದೆ, ಉಳಿದವರಿಗೆ ಅದರ ಅಗತ್ಯವಿಲ್ಲ.

ತಮ್ಮಲ್ಲಿ ಹೆಚ್ಚಿನವರು ಬಾಸ್ಕೆಟ್‌ಬಾಲಿನ ಸ್ಕೋರ್‌ಶೀಟನ್ನು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಪಂದ್ಯ ಶುರುವಾಗುವ ಮೊದಲು ತಂಡದ ಹನ್ನೆರಡೂ ಆಟಗಾರರ ಹೆಸರು, ನಂಬರು ಅದರಲ್ಲಿ ಬರೆಯಬೇಕು. ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಚೌಕವಿರುತ್ತದೆ. ಮೊದಲಿಗೇ ಕೋರ್ಟಿಗಿಳಿಯುವ ಐವರ ಚೌಕದಲ್ಲಿ ಗುಣಾಕಾರದ ಗುರುತು ಹಾಕಿ, ಅದರ ಸುತ್ತ ಒಂದು ಸೊನ್ನೆ ಎಳೆಯುತ್ತೇವೆ. ಅನಂತರ ಬದಲಿಯಾಗಿ ಬಂದವರಿಗೆ ಬರೀ ಗುರುತು, ಸೊನ್ನೆಯಿಲ್ಲ. ಒಂದು ಸೆಕೆಂಡೂ ಆಡದವರ ಚೌಕ ಖಾಲಿಯಾಗಿಯೇ ಉಳಿಯುತ್ತದೆ. ಕಳೆದ ವರ್ಷಕ್ಕೆ ಹಿಂದಿನ ಋತುವಿನಲ್ಲಿ ನಾನು ಬರೆದ ಹನ್ನೊಂದು ಹಾಳೆಗಳ ಪ್ರತಿಗಳು ನನ್ನ ಬಳಿ ಇವೆ. ಹನ್ನೊಂದರಲ್ಲೂ ಅದೇ ಐದು ಹೆಸರುಗಳಿಗೆ ಸೊನ್ನೆ ಸುತ್ತಿದೆ. ಇನ್ನಿಬ್ಬರಿಗೆ, ಯಾರಾದರೂ ಐದು ಫೌಲ್ ಮಾಡಿ ಹೊರಬಿದ್ದಾಗ ಅಥವಾ ಕಾಲು ಉಳುಕಿಸಿಕೊಂಡಾಗ, ಅಲ್ಲೊಂದು ಇಲ್ಲೊಂದು ಗುರುತು ಬಿದ್ದಿದೆ. ಉಳಿದ ಐವರ ಚೌಕಗಳು ಒಂಬತ್ತು ಹಾಳೆಗಳಲ್ಲಿ ಪೂರ್ತಿ ಖಾಲಿ.

ಆ ಐವರಲ್ಲಿ ಒಬ್ಬನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಸರು ಬೇಡ, ಅವನ ಜೆರ್ಸಿಯ ನಂಬರು 14. ತಂದೆ ಘಾಟ್‌ಕೋಪರಿನ ಒಂದು ಉಡುಪಿ ಹೋಟೆಲಿನಲ್ಲಿ ಕೌಂಟರಿನಲ್ಲಿ ಕೂರುತ್ತಾರೆ, ಮನೆ ಡೊಂಬಿವಲಿಯಲ್ಲಿ. ಬೆಳಿಗ್ಗೆ ಆರೂವರೆಯ ಅಭ್ಯಾಸಕ್ಕೆ ಬರಲು ಅವನು ಐದು ಗಂಟೆಗೆ ಮೊದಲೇ ಮನೆ ಬಿಡುತ್ತಾನೆ. ಭಾನುವಾರ ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ತಡೆಯುವ ಮೆಗಾಬ್ಲಾಕ್ ಇದ್ದ ದಿನ ತಡವಾಗಿ ಬಂದರೆ ಕೋರ್ಟಿನ ಸುತ್ತ ಹತ್ತು ರೌಂಡು ಓಡುವ ಶಿಕ್ಷೆಯನ್ನೂ ಅನುಭವಿಸುತ್ತಾನೆ. ಮಳೆಗಾಲದಲ್ಲಿ ನಮ್ಮ ಸಿಮೆಂಟಿನ ಕೋರ್ಟಿನ ತಗ್ಗುಗಳಲ್ಲಿ ನೀರು ನಿಂತಾಗ ವೈಪರ್ ಹಿಡಿದು ಅದನ್ನು ಚರಂಡಿಯ ಕಡೆಗೆ ತಳ್ಳುವವನು, ಆಮೇಲೆ ಹಳೆಯ ಪೇಪರು ಹಾಸಿ ಒತ್ತುವವನು ಇವನೇ. ಬಲಗೈ ಆಟಗಾರನಾದ ಇವನು ಎಡಗೈಯಿಂದ ಲೇಅಪ್ (ಓಡಿಬಂದು ಹಾರಿ ರಿಂಗಿನ ಹತ್ತಿರದಿಂದ ಚೆಂಡು ಹಾಕುವುದು) ಕಲಿಯಬೇಕೆಂದು ಹಟ ಹಿಡಿದು, ಬಲೆಯೇ ಇಲ್ಲದ, ಒಂದು ಕಡೆ ಬಾಗಿದ ಹಿಂದಿನ ರಿಂಗಿನ ಕೆಳಗೆ ಎಲ್ಲರೂ ಹೋದ ಮೇಲೆ ಒಬ್ಬನೇ ಚೆಂಡು ಎಸೆಯುತ್ತಿದ್ದುದನ್ನು ಎಷ್ಟೋ ಬೆಳಿಗ್ಗೆ ನೋಡಿದ್ದೇನೆ. ಮೊದಲ ವರ್ಷ ಹತ್ತರಲ್ಲಿ ಮೂರು ಬೀಳುತ್ತಿತ್ತು. ಎರಡನೆಯ ವರ್ಷದ ದೀಪಾವಳಿಯ ಹೊತ್ತಿಗೆ ಏಳು ಬೀಳುತ್ತಿತ್ತು. ಇದನ್ನು ಲೆಕ್ಕ ಇಟ್ಟವನು ನಾನೊಬ್ಬನೇ ಇರಬೇಕು, ಸ್ಕೋರರನ ಚಟ.

ಪಂದ್ಯದ ದಿನ ಅವನು ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ. ಕೋಚ್ ಬೆಂಚಿನ ಕಡೆ ತಿರುಗಿದಾಗಲೆಲ್ಲ ಟ್ರ್ಯಾಕ್‌ಪ್ಯಾಂಟನ್ನು ಮೊಣಕಾಲಿನವರೆಗೆ ಇಳಿಸಿ ಸಿದ್ಧನಾಗುವುದು, ಕರೆಯದಿದ್ದಾಗ ಮತ್ತೆ ಮೇಲೆಳೆದುಕೊಳ್ಳುವುದು, ಹೀಗೆ ಒಂದೇ ಪಂದ್ಯದಲ್ಲಿ ನಾಲ್ಕೈದು ಸಲ ನಡೆಯುತ್ತಿತ್ತು. ಕಡೆಕಡೆಗೆ ಅದೂ ನಿಂತಿತು. ಹೊಸ ಜೆರ್ಸಿ ಕೊಟ್ಟು ಮೂರು ಪಂದ್ಯವಾದರೂ ಅದರ ಮಡಿಕೆಯ ಗೆರೆ ಹಾಗೇ ಇತ್ತು. ಒಂದು ಸಲ ನಾನು ಹೆಸರುಗಳನ್ನು ಬರೆಯುತ್ತಿದ್ದಾಗ ಮೇಜಿನ ಹತ್ತಿರ ಬಂದು, “ನನ್ನ ಹೆಸರು ಯಾಕೆ ಬರೀತೀರಿ ಸರ್, ಸುಮ್ಮನೆ ಪೆನ್ನಿನ ಇಂಕು ದಂಡ” ಎಂದು ನಕ್ಕ. ನಾನೂ ನಕ್ಕೆ. ಆ ನಗುವಿಗಾಗಿ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆ ಹನ್ನೊಂದು ಹಾಳೆಗಳ ಋತುವಿನದೇ ಒಂದು ಲೀಗ್ ಪಂದ್ಯದಲ್ಲಿ ಕೊನೆಯ ಕ್ವಾರ್ಟರಿನ ನಾಲ್ಕು ನಿಮಿಷ ಬಾಕಿ ಇರುವಾಗ ನಾವು 23 ಅಂಕ ಮುಂದಿದ್ದೆವು. ಎದುರಾಳಿ ತಂಡದ ಕೋಚ್ ಆಗಲೇ ತಮ್ಮ ಬೆಂಚಿನ ಹುಡುಗರನ್ನೆಲ್ಲ ಇಳಿಸಿದ್ದರು. ಸೋಲುತ್ತಿದ್ದ ತಂಡದ ಆ ಹುಡುಗರು ಕುಣಿಯುತ್ತಾ ಆಡುತ್ತಿದ್ದರು. ನಮ್ಮವರು ಮಾತ್ರ ಅದೇ ಐದು ಜನ, ಬೆವರಿ ಸುಸ್ತಾಗಿ, ಕೊನೆಯ ಸೀಟಿಯವರೆಗೂ ಆಡಿದರು. ಪಂದ್ಯವಾದ ಮೇಲೆ ಕೋಚನ್ನು ಕೇಳಿದೆ. “ಲೀಗಿನಲ್ಲಿ ಅಂಕ ಸಮವಾದರೆ ವ್ಯತ್ಯಾಸ ನೋಡ್ತಾರೆ ಸರ್, ಒಂದೊಂದು ಪಾಯಿಂಟೂ ಬೇಕು” ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿ ಕಾರಣ ಅದೂ ಅಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಕೋಚನ್ನು ಕಾಲೇಜು ಪ್ರತಿ ವರ್ಷ ಹನ್ನೊಂದು ತಿಂಗಳ ಕರಾರಿನ ಮೇಲೆ ತೆಗೆದುಕೊಳ್ಳುತ್ತದೆ. ಮುಂದಿನ ಕರಾರಿನ ಕಡತದ ಜೊತೆ ಆ ವರ್ಷದ ಟ್ರೋಫಿಗಳ ಪಟ್ಟಿ ಹೋಗುತ್ತದೆ. ಇಂಥ ಹುಡುಗ ಹೀಗೆ ಬೆಳೆದ ಎಂದು ಬರೆಯಲು ಆ ಕಡತದಲ್ಲಿ ಜಾಗವೇ ಇಲ್ಲ. ತನ್ನ ಅನ್ನ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಮನುಷ್ಯ ನೋಡಿಕೊಳ್ಳುತ್ತಾನೆ. ಆದ್ದರಿಂದ ನನ್ನ ದೂರು ಕೋಚಿನ ಮೇಲಲ್ಲ, ತಮ್ಮ ಮೇಲೆ.

ಐವರನ್ನೇ ಆಡಿಸದಿದ್ದರೆ ಸೋಲುತ್ತೇವೆ ಎಂಬ ವಾದವನ್ನು ಒಂದು ಸಣ್ಣ ಲೆಕ್ಕಕ್ಕೆ ಒಡ್ಡಿ ನೋಡಿ. ಪಂದ್ಯವೆಂದರೆ ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್. ಒಂದು ಹೊತ್ತಿಗೆ ಕೋರ್ಟಿನಲ್ಲಿ ಐವರು. ಅಂದರೆ ಒಂದು ತಂಡಕ್ಕೆ ಹಂಚಲು ಸಿಗುವುದು ಒಟ್ಟು 200 ನಿಮಿಷ. ಬೆಂಚಿನ ಏಳು ಜನರಿಗೆ ತಲಾ ಐದು ನಿಮಿಷ ಕೊಟ್ಟರೆ 35 ಖರ್ಚಾಗಿ 165 ಉಳಿಯುತ್ತದೆ. ಮುಖ್ಯ ಆಟಗಾರರಿಗೆ ತಲಾ 33 ನಿಮಿಷ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ 48 ನಿಮಿಷಗಳ ಪಂದ್ಯಗಳಲ್ಲಿ ಜಗತ್ತಿಗೇ ಹೆಸರಾದ ಆಟಗಾರರು ಸಾಮಾನ್ಯವಾಗಿ 35 ನಿಮಿಷದ ಆಸುಪಾಸು ಆಡಿ ಉಳಿದ ಹೊತ್ತು ಕೂರುತ್ತಾರೆ. ನಮ್ಮ ಹುಡುಗರು ನಲವತ್ತಕ್ಕೆ ನಲವತ್ತೂ ಆಡಿ, ಕೊನೆಯ ಐದು ನಿಮಿಷದಲ್ಲಿ ಕಾಲು ಏಳದೆ, ಎದುರಾಳಿಯ ಫೌಲಿಗೆ ಸಿಗುವ ಫ್ರೀ ಥ್ರೋಗಳನ್ನು ರಿಂಗಿನ ಮುಂಭಾಗಕ್ಕೆ ಬಡಿಯುವುದನ್ನು ನಾನು ಎಷ್ಟೋ ಹಾಳೆಗಳಲ್ಲಿ ಬರೆದಿದ್ದೇನೆ. ಎರಡು ಸೆಮಿಫೈನಲ್ ಕೈತಪ್ಪಿ ಹೋದದ್ದೂ ಹಾಗೆಯೇ.

ಆ ಐವರು ಮುಖ್ಯ ಆಟಗಾರರೂ ಹಿಂದಿನ ವರ್ಷ ಪದವಿ ಮುಗಿಸಿ ಒಟ್ಟಿಗೇ ಹೊರಟುಹೋದರು. ಮುಂದೇನಾಗುತ್ತದೆ ಎಂಬುದಕ್ಕೆ ಜ್ಯೋತಿಷ್ಯ ಬೇಕಿರಲಿಲ್ಲ. ಈ ವರ್ಷ ಕಣಕ್ಕಿಳಿದವರು ಎರಡು ವರ್ಷ ಬೆಂಚಿನಲ್ಲಿ ಕೂತು ಎದ್ದವರು. ಅಭ್ಯಾಸದಲ್ಲಿ ಅವರು ಚೆನ್ನಾಗಿಯೇ ಆಡುತ್ತಾರೆ. ಆದರೆ ಅಷ್ಟರೊಳಗೆ ಚೆಂಡನ್ನು ರಿಂಗಿಗೆ ಎಸೆಯಲೇಬೇಕಾದ 24 ಸೆಕೆಂಡಿನ ಗಡಿಯಾರ ಓಡುತ್ತಿರುವಾಗ, ಇಬ್ಬರು ಮೈಮೇಲೆ ಬಿದ್ದಾಗ, ಗ್ಯಾಲರಿಯಿಂದ ಕೂಗು ಕೇಳುತ್ತಿರುವಾಗ ಚೆಂಡನ್ನು ಯಾರಿಗೆ ಕೊಡಬೇಕೆಂಬ ನಿರ್ಧಾರ ಅಭ್ಯಾಸದಲ್ಲಿ ಬರುವಂಥದ್ದಲ್ಲ. ದಡದಲ್ಲಿ ಕೂತವನಿಗೆ ಈಜು ಬರುವುದುಂಟೇ? ಮೊದಲ ಸುತ್ತಿನಲ್ಲೇ ಸೋತರು. ನಂಬರ್ 14 ಆ ಪಂದ್ಯದಲ್ಲಿ ಇರಲಿಲ್ಲ. ಮೂರನೆಯ ವರ್ಷ ಬಂದಾಗ ಅವನು ಜಿಮಖಾನಾಕ್ಕೆ ಹೆಸರನ್ನೇ ಕೊಡಲಿಲ್ಲ. ಈಗ ಬೆಳಿಗ್ಗೆ ಹೊತ್ತು ಒಂದು ಕೊರಿಯರ್ ಕಚೇರಿಯಲ್ಲಿ ಕೆಲಸ ಮಾಡುತ್ತಾನೆಂದು ಅವನ ಗೆಳೆಯರು ಹೇಳಿದರು.

ಈ ಸೋಲಿನಿಂದ ತಮ್ಮ ಮಂಡಳಿ ಕಲಿತ ಪಾಠವೇ ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು. ಮುಂದಿನ ವರ್ಷ ಶುಲ್ಕ ಮಾಫಿ ಮಾಡಿ ಹೊರಗಿನಿಂದ ನಾಲ್ವರು ತಯಾರಾದ ಆಟಗಾರರನ್ನು ಕರೆತರುವುದೆಂದು ಕಳೆದ ತಿಂಗಳ ಸಭೆಯಲ್ಲಿ ತೀರ್ಮಾನವಾಗಿದೆಯೆಂದು ತಿಳಿಯಿತು. ಕ್ರೀಡಾ ಕೋಟಾದಲ್ಲಿ ಪ್ರತಿಭೆಗೆ ಪ್ರವೇಶ ಕೊಡುವುದಕ್ಕೆ ನನ್ನ ವಿರೋಧವಿಲ್ಲ. ಆ ನಾಲ್ವರೂ ಯಾರದೋ ಮನೆಯ ಮಕ್ಕಳೇ. ಆದರೆ ನಾಲ್ವರು ಬಂದರೆ ಬೆಂಚು ಇನ್ನೂ ನಾಲ್ಕು ಜಾಗ ಉದ್ದವಾಗುತ್ತದೆ. ಮೂರು ವರ್ಷದ ಮೇಲೆ ಅವರೂ ಹೊರಟಾಗ ಇದೇ ಸಭೆ ಮತ್ತೆ ಸೇರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಹೇಳಿದ್ದು ಹೀಗೆ ಮಾಡಬೇಡಿ ಎಂದು ಚುಚ್ಚಲು, ಹೀಗೆಯೇ ಮಾಡಿ ಎಂದು ಹೇಳಲಲ್ಲ.

ಹದಿನೇಳು ಹದಿನೆಂಟರ ಹುಡುಗನನ್ನು ನೋಡಿ ಇವನು ಇಷ್ಟೇ ಎಂದು ಬರೆದುಬಿಡುವುದು ಈ ಆಟದಲ್ಲಿ ಎಷ್ಟು ದೊಡ್ಡ ತಪ್ಪೆಂಬುದಕ್ಕೆ ಸ್ಕಾಟಿ ಪಿಪ್ಪೆನ್ ಸಾಕ್ಷಿ. ಅಮೆರಿಕದ ಆರ್ಕನ್ಸಾ ರಾಜ್ಯದ ಒಂದು ಸಣ್ಣ ಕಾಲೇಜಿಗೆ ಅವರು ಬಂದಾಗ ವಿದ್ಯಾರ್ಥಿವೇತನವೂ ಇರಲಿಲ್ಲ, ತಂಡದಲ್ಲಿ ಖಾಯಂ ಜಾಗವೂ ಇರಲಿಲ್ಲ; ಸಾಮಾನು ಸರಂಜಾಮು ನೋಡಿಕೊಳ್ಳುವ ಮ್ಯಾನೇಜರ್ ಕೆಲಸ ಮಾಡಿದರು. ಕಾಲೇಜಿನಲ್ಲಿರುವಾಗಲೇ ಅರ್ಧ ಅಡಿಗೂ ಹೆಚ್ಚು ಎತ್ತರ ಬೆಳೆದರು, ಆಟವೂ ಬೆಳೆಯಿತು. 1987ರ ಎನ್‌ಬಿಎ ಆಯ್ಕೆಯಲ್ಲಿ ಐದನೆಯವರಾಗಿ ಹೋಗಿ, ಶಿಕಾಗೊ ಬುಲ್ಸ್ ತಂಡದಲ್ಲಿ ಆರು ಚಾಂಪಿಯನ್‌ಷಿಪ್ ಗೆದ್ದರು. ಅದೇ ತಂಡದ ಮೈಕೆಲ್ ಜೋರ್ಡನ್ ಶಾಲೆಯ ತಂಡದಿಂದ ತಿರಸ್ಕೃತರಾದ ಕತೆಯನ್ನು ಭಾಷಣಗಳಲ್ಲಿ ಎಲ್ಲರೂ ಹೇಳುತ್ತಾರೆ, ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲೂ ಮುಖ್ಯ ಅತಿಥಿಯೊಬ್ಬರು ಹೇಳಿದರು. ಆ ಕತೆಯಲ್ಲಿ ಯಾರೂ ಹೇಳದ ಭಾಗವೊಂದಿದೆ. ವಿಲ್ಮಿಂಗ್ಟನ್ನಿನ ಆ ಶಾಲೆಗೆ ಎರಡನೆಯ ತಂಡವೊಂದಿತ್ತು. ಮೊದಲ ತಂಡಕ್ಕೆ ಬೇಡವಾದ ಹುಡುಗ ಆ ವರ್ಷವಿಡೀ ಎರಡನೆಯ ತಂಡದಲ್ಲಿ ಆಡಿದ, ಬೆಂಚಿನಲ್ಲಿ ಕೂರಲಿಲ್ಲ. ನಮ್ಮ ಕಾಲೇಜಿನಲ್ಲಿ ಎರಡನೆಯ ತಂಡವೆಂಬುದೇ ಇಲ್ಲ.

ಇದ್ದ ಕಾಲವೊಂದಿತ್ತು. ಎಂಬತ್ತರ ದಶಕದ ಮೊದಲಲ್ಲಿ ನಾನು ಓದುವಾಗ ಅದನ್ನು ‘ಬಿ ಟೀಮ್’ ಎನ್ನುತ್ತಿದ್ದೆವು. ಜೆರ್ಸಿ ಎ ಟೀಮಿನ ಹಿರಿಯರು ತೊಟ್ಟು ಬಿಟ್ಟದ್ದು, ಶೂ ಸ್ವಂತದ್ದು, ಪಂದ್ಯದ ದಿನ ಸಿಗುತ್ತಿದ್ದುದು ಎರಡು ಬಾಳೆಹಣ್ಣು ಮತ್ತು ಒಂದು ವಡಾಪಾವ್. ನಾನೂ ಅದರಲ್ಲೇ ಎರಡು ವರ್ಷ ಆಡಿದವನು. ದೊಡ್ಡ ಆಟಗಾರನೇನೂ ಆಗಲಿಲ್ಲ. ಆದರೆ ನನ್ನ ಜೊತೆ ಆ ಹಳೆ ಜೆರ್ಸಿ ತೊಟ್ಟ ಇಬ್ಬರು ಮುಂದೆ ಆಟದ ಬಲದ ಮೇಲೆ ರೈಲ್ವೆಯಲ್ಲಿ ನೌಕರಿ ಹಿಡಿದರು. ಚಾಳಿನ ಒಂದೇ ಖೋಲಿಯಲ್ಲಿ ಏಳು ಜನರಿದ್ದ ಮನೆಗೆ ಆ ನೌಕರಿ ಏನಾಗಿತ್ತೆಂಬುದನ್ನು ತಮಗೆ ಬಿಡಿಸಿ ಹೇಳಬೇಕಿಲ್ಲ.

ದೂರದ ಊರಿನ ಉದಾಹರಣೆ ಬೇಡವೆಂದರೆ ಮುಂಬೈ ಸೆಂಟ್ರಲಿನ ಪಕ್ಕದ ನಾಗಪಾಡಾಕ್ಕೆ ಒಂದು ಸಂಜೆ ಹೋಗಿ ಬನ್ನಿ. ಭಾರತ ತಂಡದ ನಾಯಕರಾಗಿ 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸೀರ್ ಅವರ ಬಡಾವಣೆ ಅದು. ಒತ್ತೊತ್ತಾದ ಗಲ್ಲಿಗಳ ನಡುವಿನ ಮೈದಾನದಲ್ಲಿ ದೊಡ್ಡವರ ಆಟ ನಿಂತ ಕ್ಷಣ ಚಿಕ್ಕವರು ಒಳಗೆ ನುಗ್ಗುವುದನ್ನು ನಾನು ಕಂಡಿದ್ದೇನೆ; ಅಲ್ಲಿ ಚೆಂಡು ಯಾರ ಕೈಯಲ್ಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2019ರ ಅಕ್ಟೋಬರಿನಲ್ಲಿ ಎನ್‌ಬಿಎಯ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ವರ್ಲಿಯಲ್ಲಿ ಆಡಿದಾಗ ಮೊದಲ ದಿನದ ಗ್ಯಾಲರಿಯಲ್ಲಿ ತುಂಬಿದ್ದವರು ಶಾಲಾ ಮಕ್ಕಳು. ಅವರಲ್ಲಿ ಹಲವರು ಈಗ ಕಾಲೇಜಿನ ವಯಸ್ಸಿನವರು. ಅವರಲ್ಲೊಬ್ಬ ನಮ್ಮಲ್ಲಿಗೆ ಬಂದರೆ ಅವನಿಗೆ ನಾವು ತೋರಿಸುವ ಜಾಗ ಯಾವುದು?

ಇನ್ನೊಂದು ಮಾತು. ಈ ಸಂಸ್ಥೆಯನ್ನು ಕಟ್ಟಿದ ಹಿರಿಯರಲ್ಲಿ ಅನೇಕರು ಹಗಲು ಹೋಟೆಲುಗಳಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ಕೂತು ಓದಿದವರು. ನಿದ್ದೆಗಣ್ಣಿನಲ್ಲಿ ಬಂದ ಆ ಹುಡುಗರನ್ನು ನೋಡಿ, ಹಗಲು ಶಾಲೆಯ ಜಾಣರನ್ನು ಕರೆಸಿಕೊಂಡರೆ ನಮ್ಮ ಫಲಿತಾಂಶ ಚೆನ್ನಾಗಿ ಬಂದೀತು ಎಂದು ಅಲ್ಲಿನ ಮೇಷ್ಟ್ರುಗಳು ಲೆಕ್ಕ ಹಾಕಿದ್ದರೆ ಇಂದು ಈ ಕಾಲೇಜೂ ಇರುತ್ತಿರಲಿಲ್ಲ, ಇದರ ಬಾಸ್ಕೆಟ್‌ಬಾಲ್ ಕೋರ್ಟೂ ಇರುತ್ತಿರಲಿಲ್ಲ.

ಹೆಣ್ಣುಮಕ್ಕಳ ತಂಡದ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಅಲ್ಲಿ ಬೆಂಚಿನ ಪ್ರಶ್ನೆಯೇ ಇಲ್ಲ, ಏಕೆಂದರೆ ಇರುವವರೇ ಎಂಟು ಜನ. ಅವರಿಗೆ ಕೋರ್ಟು ಸಿಗುವುದು ಹುಡುಗರು ಬಿಟ್ಟುಕೊಟ್ಟಾಗ, ಚೆಂಡು ಸಿಗುವುದೂ ಹುಡುಗರ 7ನೇ ಸೈಜಿನದು. ಅವರು ಪಂದ್ಯದಲ್ಲಿ ಆಡಬೇಕಾದದ್ದು 6ನೇ ಸೈಜಿನ ಚೆಂಡಿನಲ್ಲಿ. 2017ರಲ್ಲಿ ಬೆಂಗಳೂರಿನಲ್ಲಿ ಭಾರತದ ಮಹಿಳೆಯರು ಕಜಕಿಸ್ತಾನವನ್ನು ಎರಡೇ ಅಂಕಗಳಿಂದ ಸೋಲಿಸಿ ಏಷ್ಯಾ ಕಪ್ಪಿನ ಬಿ ವಿಭಾಗ ಗೆದ್ದ ಸುದ್ದಿಯನ್ನು ನಮ್ಮ ನೋಟಿಸ್ ಬೋರ್ಡಿಗೆ ಅಂಟಿಸಿದ್ದೆವು. ಆರು ಸಣ್ಣ ಚೆಂಡುಗಳ ಬೇಡಿಕೆ ಮಾತ್ರ ಇನ್ನೂ ಕಡತದಲ್ಲಿದೆ.

ಈಗ ನನ್ನ ಕೋರಿಕೆಗಳು. ಹೊರಗಿನ ಆಟಗಾರರ ತೀರ್ಮಾನವನ್ನು ಒಂದು ವರ್ಷದ ಮಟ್ಟಿಗೆ ತಡೆಹಿಡಿದು, ಆ ಶುಲ್ಕ ಮಾಫಿಗೆ ಎತ್ತಿಟ್ಟ ಹಣದಲ್ಲಿ ಬಿ ಟೀಮನ್ನು ಮತ್ತೆ ಶುರು ಮಾಡಬೇಕು. ಮುಂಬೈಯಲ್ಲಿ ಪಂದ್ಯಾವಳಿಗಳಿಗೆ ಬರವಿಲ್ಲ. ಮಾಟುಂಗಾದ ಮೈದಾನಗಳಲ್ಲೇ ವರ್ಷವಿಡೀ ಏನಾದರೊಂದು ನಡೆಯುತ್ತಿರುತ್ತದೆ. ವರ್ಷಕ್ಕೆ ಹತ್ತು ಪಂದ್ಯ ಆಡಿದರೂ ಸಾಕು, ಸೋತರೂ ಸರಿ. ಎ ಟೀಮಿನ ಪಂದ್ಯದಲ್ಲಿ ಕೊನೆಯ ಕ್ವಾರ್ಟರಿನ ಹೊತ್ತಿಗೆ ಅಂತರ ಇಪ್ಪತ್ತು ದಾಟಿದ್ದರೆ, ಮುಂದಿರಲಿ ಹಿಂದಿರಲಿ, ಬೆಂಚಿನವರೇ ಆಡಬೇಕೆಂದು ಲಿಖಿತ ಸೂಚನೆ ಕೊಡಬೇಕು. ಅಂಕದ ವ್ಯತ್ಯಾಸದ ಹೊಣೆ ಕೋಚಿನದಲ್ಲ, ಮಂಡಳಿಯದು ಎಂದೂ ಅದರಲ್ಲೇ ಬರೆಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೋಚಿನ ಕರಾರು. ಅದನ್ನು ಮೂರು ವರ್ಷಕ್ಕೆ ಮಾಡಿ. ಮೊದಲ ವರ್ಷ ಬಂದ ಹುಡುಗನನ್ನು ಮೂರನೆಯ ವರ್ಷದವರೆಗೆ ನೋಡುವ ಕೋಚಿಗೆ ಮಾತ್ರ ಅವನನ್ನು ಬೆಳೆಸುವ ಮನಸ್ಸು ಬರುತ್ತದೆ. ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸುವಾಗ ಟ್ರೋಫಿಗಳ ಪಟ್ಟಿಯ ಜೊತೆ ಸ್ಕೋರ್‌ಶೀಟುಗಳನ್ನೂ ತರಿಸಿ ನೋಡಿ. ಎಷ್ಟು ಚೌಕಗಳಲ್ಲಿ ಗುರುತು ಬಿದ್ದಿದೆಯೆಂದು ಎಣಿಸಲು ಬಾಸ್ಕೆಟ್‌ಬಾಲ್ ಗೊತ್ತಿರಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಸಂಜೆಯಾದರೂ ಯಾವುದಾದರೂ ಒಳಾಂಗಣ ಕೋರ್ಟನ್ನು ಬಾಡಿಗೆಗೆ ಹಿಡಿಯಬೇಕು, ಏಕೆಂದರೆ ಮಳೆ ಬಿಡುವ ಹೊತ್ತಿಗೆ ಅಂತರ ಕಾಲೇಜು ಪಂದ್ಯಗಳು ತಲೆಯ ಮೇಲೆ ಬಂದಿರುತ್ತವೆ. ಹಣವೆಲ್ಲಿ ಎಂದು ಕೇಳುವ ಸದಸ್ಯರಿಗೆ ಒಂದು ನೆನಪು: ಜಿಮಖಾನಾ ಶುಲ್ಕವನ್ನು ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಟ್ಟುತ್ತಾನೆ, ಆಡುವ ಐವರು ಮಾತ್ರವಲ್ಲ. ಹಿಂದಿನ ರಿಂಗನ್ನು ನೆಟ್ಟಗೆ ಮಾಡಿಸಿ ಬಲೆ ಕಟ್ಟಿಸುವ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಕೆಲವರು ಕೊಡುತ್ತೇವೆ. ಅದಕ್ಕೆ ಅನುಮತಿ ಸಿಕ್ಕರೆ ಸಾಕು.

ನಂಬರ್ 14ರ ಹುಡುಗನಿಗೆ ಕಾಲೇಜಿನಲ್ಲಿ ಇನ್ನೂ ಕೆಲವು ತಿಂಗಳು ಉಳಿದಿವೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ 25 ವರ್ಷದವರೆಗೆ ಆಡುವ ಅವಕಾಶವಿರುವುದರಿಂದ, ಎಂ.ಕಾಂ.ಗೆ ಇಲ್ಲಿಯೇ ಸೇರಿದರೆ ಇನ್ನೆರಡು ವರ್ಷ ಆಡಬಹುದು. ಪ್ರಾಂಶುಪಾಲರೇ ಒಂದು ದಿನ ಅವನನ್ನು ಕರೆಸಿ ಮಾತನಾಡಿಸಿದರೆ ಬರುತ್ತಾನೆಂದು ನನ್ನ ನಂಬಿಕೆ. ನಾನು ಕರೆದೆ, ಬರಲಿಲ್ಲ.

ಹನ್ನೊಂದು ಸ್ಕೋರ್‌ಶೀಟುಗಳ ಪ್ರತಿಗಳನ್ನು ಈ ಪತ್ರದ ಜೊತೆ ಕಾಲೇಜಿನ ಕಚೇರಿಗೆ ಕೊಟ್ಟು, ಆವಕದ ಮೊಹರು ಹಾಕಿಸಿಕೊಂಡಿದ್ದೇನೆ. ಮುಂದಿನ ಮಹಾಸಭೆಯಲ್ಲಿ ಅವುಗಳ ಬಗ್ಗೆ ಪ್ರಶ್ನೆ ಕೇಳಲು ಹತ್ತು ನಿಮಿಷ ಕೊಡಬೇಕೆಂದು ವಿನಂತಿಸುತ್ತೇನೆ. ಒಂದು ಕ್ವಾರ್ಟರಿನಷ್ಟು ಹೊತ್ತು, ಅಷ್ಟೇ.

ಇತಿ ತಮ್ಮ ವಿಶ್ವಾಸಿ,
ಸ್ಕೋರರ್ ಮೇಜಿನ ಹಳೆಯ ವಿದ್ಯಾರ್ಥಿ
ಮುಂಬೈ